ಕರ್ತನ ಭೋಜನಕ್ಕೆ ಗೈರುಹಾಜರಿ

ದಾಂಡೇಲಿ, ೧೯೬೨

ಪೂಜ್ಯ ಪಾಸ್ಟರ್ ಅಯ್ಯನವರ ಸನ್ನಿಧಿಗೆ, ಕೊನೆಯ ಬೆಂಚಿನ ಪಾಪಿಯ ಸಲಾಮು.

ಭಾನುವಾರ ಕರ್ತನ ಭೋಜನಕ್ಕೆ ನನ್ನನ್ನು ಕರೆಯಬೇಡಿ. ರೊಟ್ಟಿ ಮುರಿಯುವ ಮೊದಲು ಮನಸ್ತಾಪವಿದ್ದವರು ಪರಸ್ಪರ ಕ್ಷಮಿಸಿ ಕೈಹಿಡಿಯಬೇಕೆಂಬುದು ನಮ್ಮ ಸಭೆಯ ಕಟ್ಟಳೆ. ನನ್ನ ಮನಸ್ತಾಪ ಅಣ್ಣ ಸತ್ಯಮಿತ್ರನ ಮೇಲೆ. ಕಾಗದದ ಮಿಲ್ಲಿನ ಕಾಯಂ ಕೆಲಸ, ಕ್ವಾರ್ಟರ್ಸು, ರೇಡಿಯೊ ಎಲ್ಲ ಅವನಿಗೆ. ನಾನಿನ್ನೂ ಕೋಗಿಲಬನದಲ್ಲಿ ಬಿದಿರು ಹೊರುತ್ತೇನೆ. ನೆರೆಯವನ ಎತ್ತು, ಕತ್ತೆಗಳನ್ನು ಆಶಿಸಬಾರದೆಂಬ ಹತ್ತನೆಯ ಆಜ್ಞೆಯಲ್ಲಿ ರೇಡಿಯೊದ ಹೆಸರಿಲ್ಲವೆಂದು ಹಿಗ್ಗಿದ್ದೆ. ಕೊನೆಗೆ ‘ಯಾವುದನ್ನೂ’ ಎಂದು ಸೇರಿಸಿ ಮೋಶೆ ಬಾಗಿಲು ಹಾಕಿಬಿಟ್ಟಿದ್ದಾನೆ.

ನಿನ್ನೆ ಅಣ್ಣನೇ ಬಂದು, “ತಮ್ಮಾ, ಇಲ್ಲಿ ಯಾಕ ಒದ್ದಾಡ್ತಿ? ನಮ್ಮ ಮನ್ಯಾಗ ಇರು ಬಾ, ಎರಡು ಖೋಲಿ ಅದಾವ” ಎಂದ.

ಅವನು ನನಗೆ ಅನ್ಯಾಯ ಮಾಡಿದ್ದರೆ ಕ್ಷಮಿಸುತ್ತಿದ್ದೆ, ಅಯ್ಯನವರೇ. ಏನೂ ಮಾಡಿಲ್ಲ. ಏನಂತ ಕ್ಷಮಿಸಲಿ?

ಅವ್ವ ಕೇಳಿದರೆ ನನಗೆ ಜ್ವರವೆಂದು ಹೇಳಿ.

ನಿಮ್ಮ ಮಂದೆಯ,
ಜೀವನಪ್ಪ