ಬಾಯಿಲ್ಲದ ಪತಂಗ

ಸ್ಟ್ಯಾನ್ಮೋರ್
ನವೆಂಬರ್ 18, 2024

ಕೃತಿಯ ಅಪ್ಪನಿಗೆ,

ಗಾಬರಿಯಾಗಬೇಡಿ, ನಾನು ಚೆನ್ನಾಗಿದ್ದೇನೆ. ನಿಮ್ಮ ಕ್ಷೇಮ ನೀವು ಬರೆಯದಿದ್ದರೂ ತಿಳಿಯುತ್ತದೆ. ಟೂಟಿಂಗಿನ ಹೋಟೆಲಿನಲ್ಲಿ ಡಾಕ್ಟರ್ ಪಾಂಡುರಂಗ ಒಬ್ರೇ ಕೂತು ಇಡ್ಲಿ ತಿಂತಿದ್ರು ಅಂತ ನಿಮ್ಮನ್ನು ಕಂಡ ಗೆಳತಿ ವೈದೇಹಿ ಹೇಳಿದಳು.

ನಿನ್ನೆ ಮಗಳು ಹೋಗಿ ವರ್ಷ ತುಂಬಿದ ತಿಥಿ. ಮಗಳಿಗೆ ತಾಯಿ ಎಡೆಯಿಡುವ ಕ್ರಮ ಎಲ್ಲೂ ಇಲ್ಲ ಎಂದು ಮೈಸೂರಿನಿಂದ ಅಕ್ಕ ಫೋನಿನಲ್ಲಿ ಗದರಿದಳು. ಮಗಳು ತಾಯಿಗಿಂತ ಮೊದಲು ಹೋಗುವ ಕ್ರಮ ಯಾವುದು ಎಂದು ಕೇಳಿ ಫೋನ್ ಇಟ್ಟೆ. ಹುಳಿಯನ್ನ ಕಲಸಿ, ಹಪ್ಪಳ ಕರಿದು, ಹಿತ್ತಲಿನಲ್ಲಿ ಕಾಗೆಗೆ ಇಟ್ಟೆ. ಈ ಇಂಗ್ಲಿಷರ ನಾಡಿನಲ್ಲೂ ಕಾಗೆಗೇನು ಬರವೇ? ಬೇಲಿಯ ಮೇಲೆ ಸಾಲಾಗಿ ಕೂತವು. ಒಂದೂ ಮುಟ್ಟಲಿಲ್ಲ.

ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮಲ್ಲಿ ಕೂಗಿ ಮಾತು ಕೊಡುತ್ತಾರಲ್ಲ, ನಾನೂ ಕೊಟ್ಟೆ. ನಿನ್ನ ಪುಸ್ತಕ ಯಾರಿಗೂ ಕೊಡಲ್ಲ ಪುಟ್ಟಿ ಅಂದೆ. ನಿನ್ನ ರೂಮು ಹಾಗೇ ಇಡ್ತೀನಿ ಅಂದೆ. ಪಕ್ಕದ ಮನೆಯಾಕೆ ಕಿಟಕಿ ತೆರೆದು, ಆರ್ ಯು ಆಲ್‌ರೈಟ್ ಎಂದು ವಿಚಾರಿಸಿದಳು. ಕಾಗೆಗಳು ಹಾರಿಹೋದವು.

ನಾಲ್ಕಕ್ಕೆಲ್ಲ ಕತ್ತಲಾಯಿತು. ಒಳಗೆ ಬಂದರೆ ಅದೇ ಪಟಪಟ ಸದ್ದು, ನೀವು ಹೀಟಿಂಗ್ ಪೈಪು ಎನ್ನುತ್ತಿದ್ದುದು. ನ್ಯೂಜಿಲೆಂಡಿನಿಂದ ಅವಳು ಕೊನೆಯದಾಗಿ ಒಣಗಿಸಿ ಕಳಿಸಿದ ಹಸಿರು ಪುರಿರಿ ಪತಂಗದ ಗಾಜಿನ ಪೆಟ್ಟಿಗೆಯ ಕಡೆಯಿಂದ ಬರುತ್ತಿತ್ತು. ಪತಂಗ ಹುಡುಕುತ್ತ ಹೋದವಳನ್ನು ಅಲ್ಲಿನ ಹೊಳೆ ನುಂಗಿದ ಮೇಲೆ, ಅದನ್ನು ನೋಡಲಾರೆ ಎಂದು ನೀವು, ಗೋಡೆಯಿಂದ ಇಳಿಸಲಾರೆ ಎಂದು ನಾನು. ಕೊನೆಗೆ ನೀವೇ ಮನೆ ಬಿಟ್ಟು ಹೊರಟಿರಿ.

ದೀಪ ಹಚ್ಚಿದೆ. ಇಲ್ಲಿಯದೇ ಒಂದು ಬೂದು ಪತಂಗ ಹೊರಗಿನಿಂದ ಆ ಗಾಜಿಗೆ ರೆಕ್ಕೆ ಬಡಿಯುತ್ತಿತ್ತು. ಒಳಗಿನದೂ ಕದಲಿದಂತೆ ಕಂಡಿತು. ಕೃತೀ ಎಂದು ಕೂಗಿಬಿಟ್ಟೆ. ನಗಬೇಡಿ. ಮೈಯೆಲ್ಲ ಹೆದರಿಕೆ, ಹೊರಟುಹೋದೀತೆಂಬ ಹೆದರಿಕೆ ಇನ್ನೂ ಹೆಚ್ಚು.

ಆಗ ಅವಳು ಹೇಳಿದ್ದು ನೆನಪಾಯಿತು. ಆ ದೇಶ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಪತಂಗ ಹುಳುವಾಗಿ ಮರದೊಳಗೆ ವರ್ಷಗಟ್ಟಲೆ ತಿನ್ನುತ್ತದಂತೆ. ರೆಕ್ಕೆ ಬಂದ ಮೇಲೆ ಕೆಲವೇ ದಿನದ ಬದುಕು, ತಿನ್ನಲು ಬಾಯಿಯೇ ಇಲ್ಲ. ಮನೇಲಿ ತಿಂದಿದ್ದೇ ಅದಕ್ಕೆ ಸಾಕಮ್ಮ, ನನ್ನ ಥರ ಅಂತ ನಕ್ಕಿದ್ದಳು.

ಹಸಿವಿಲ್ಲದವಳಿಗೆ ಬಡಿಸಿ ಕಾಯುತ್ತಿದ್ದೆನೇನೋ. ಈ ಮನೆಯಲ್ಲಿ ಒಬ್ಬಳೇ ಇರಲು ನನಗೆ ಆಗುತ್ತಿಲ್ಲ. ಪೆಟ್ಟಿಗೆಯನ್ನು ಅವಳ ರೂಮಿಗೆ ಸಾಗಿಸಿದ್ದೇನೆ, ನಿಮ್ಮ ಕುರ್ಚಿಯಲ್ಲಿ ಕೂತರೆ ಕಾಣುವುದಿಲ್ಲ.

ಇನ್ನೂ ನಿಮ್ಮವಳೇ,
ರಜನಿ

ಮರೆತ ಮಾತು: ಕಾಗೆಗಳು ಹೋದ ಮೇಲೆ ಬರಿಯ ಬೇಲಿಗೆ ಇನ್ನೊಂದು ಮಾತು ಕೊಟ್ಟಿದ್ದೆ, ನಿನ್ನಪ್ಪನ್ನ ಮನೆಗೆ ಕರೀತೀನಿ ಅಂತ. ಬೆಳಿಗ್ಗೆ ನೋಡಿದರೆ ಅನ್ನ ಖಾಲಿ. ನರಿಯ ಕೆಲಸ ಎನ್ನುತ್ತೀರಿ, ಇರಬಹುದು. ಆದರೆ ತಟ್ಟೆಯ ಅಂಚಿನಲ್ಲಿ ಅರ್ಧ ಹಪ್ಪಳ ಉಳಿದಿತ್ತು, ಅವಳು ದಿನಾ ನಿಮಗೆಂದು ಉಳಿಸುತ್ತಿದ್ದ ಹಾಗೆ.