ಖಾರದಡಿ ಹೂತ ಮೀನು

ಮುದ್ದು ಮಗಳೇ,

ನಿನ್ನ ಚಿಕ್ಕಪ್ಪ ಈ ಕೆಲಸಗಾರರ ಶಿಬಿರದಲ್ಲೂ ಸೌಟು ಹಿಡಿದು ಮೆರೆಯುತ್ತಿದ್ದಾನೆ. ಮಂಡಿನೋವು ಕಡಿಮೆಯಾಗಿದೆ.

ನಮ್ಮ ಕೋಣೆಯ ವೆಲ್ಡರ್ ಜ್ವರ ಬಿಟ್ಟ ಮೇಲೆ ಮೊದಲ ಸಲ ಹಸಿವೆಂದು ಮೀನು ಕೇಳಿದ. ಇಲ್ಲಿನ ಬಿಳಿ ಮೀನು ಬಲು ಸಾಧು, ವಾಸನೆಯೇ ಇಲ್ಲ. "ಬರೀ ಉಪ್ಪು ಸಾಕು ಕಣೋ" ಎಂದ. ನಾನು ಕೇಳಬೇಕಲ್ಲ! ಹುಳಿಯಲ್ಲಿ ತಿಕ್ಕಿ ತೊಳೆದು ಖಾರ ಮೆತ್ತಿದೆ. ಎರಡು ತುತ್ತಿಗೇ ಅವನ ಕಣ್ಣಲ್ಲಿ ನೀರು. "ಖಾರ ಚೆನ್ನಾಗಿದೆ, ಮೀನು ಯಾವಾಗ ಮಾಡ್ತೀಯ?" ಎಂದು ನಕ್ಕು, ತಟ್ಟೆ ಸರಿಸಿ ಮಲಗಿದ.

ಮರುದಿನ ಉಪ್ಪು ಸವರಿ, ನೀರು ಒರೆಸಿ, ಸಣ್ಣ ಉರಿಯಲ್ಲಿ ಕೆಂಪಗೆ ಬೇಯಿಸಿ ತಂದೆ. ಮಂಚ ಖಾಲಿ. ಸುಧಾರಿಸಿಕೊಳ್ಳಲೆಂದು ಕಂಪನಿಯವರು ಬೆಳಗಿನ ಬಸ್ಸಿಗೆ ಅವನನ್ನು ಊರಿಗೆ ಕಳಿಸಿಬಿಟ್ಟಿದ್ದರು.

ಒಬ್ಬನೇ ತಿಂದೆ. ಅಷ್ಟು ಸಿಹಿ ಮೀನು ನಾನು ಹುಟ್ಟಿದ ಮೇಲೆ ಮಾಡಿರಲಿಲ್ಲ ಮಗಳೇ.

ಕಾರ್ಡು ತುಂಬಿತು,
ಚಿಕ್ಕಪ್ಪ