ಅಕ್ಕಮ್ಮನ ದೊಣೆಗೆ ಮೊದಲ ಸ್ಥಾನ

ಫೆಬ್ರವರಿ ೪, ಮಧ್ಯಾಹ್ನ

ಮತ್ತೆ ವಾಪಸ್. ಅದೇ ಡ್ರಾಫ್ಟು. ನರಸಿಂಹರಾಜು ಮಧುಗಿರಿ ಬಸ್ ಸ್ಟ್ಯಾಂಡ್ ಪಕ್ಕ ಡಿಟಿಪಿ ಅಂಗಡಿ ಇಟ್ಟವನು, ನನ್ನ ಬ್ಲಾಗಿಗೆ ತನ್ನನ್ನು ತಾನೇ ನೇಮಿಸಿಕೊಂಡ ಗುರು. ಪ್ಯಾರಾ ಉದ್ದವಂತೆ. ಕೀವರ್ಡ್ ಒಂದೇ ಸಲ ಬಂದಿದೆಯಂತೆ. ಹೆಡಿಂಗ್ ಅಂತೂ ಬೇಡವೇ ಬೇಡವಂತೆ. ನಾನು ಕೊಟ್ಟಿದ್ದು — ‘ಅಕ್ಕಮ್ಮನ ದೊಣೆ: ಬಂಡೆಯ ಮೇಲೆ ಬೇಸಿಗೆಯ ನೀರು’. ಅದಕ್ಕೇನಾಗಿದೆ ಧಾಡಿ? ದೊಣೆ ಅಂತ ಗೂಗಲ್ಲಿನಲ್ಲಿ ಯಾರು ಹುಡುಕುತ್ತಾರೆ ಅಂತ ಕೇಳಿದ.

ಯಾರೂ ಹುಡುಕಲ್ಲ, ಗೊತ್ತು. ಬಂಡೆಯ ಕುಳಿಯಲ್ಲಿ ನಿಲ್ಲುವ ನೀರಿಗೆ ದೊಣೆ ಅನ್ನುವವರು ನಮ್ಮ ಕಡೆಯವರಷ್ಟೇ. ಸಿರಾ, ಕೊರಟಗೆರೆ, ಪಾವಗಡ ಎಲ್ಲ ಸುತ್ತಿ ಬರೆದಿದ್ದೇನೆ. ತೋವಿನಕೆರೆಯ ಹುಣಸೆ ತೋಪಿನ ಬಗ್ಗೆ ಬರೆದದ್ದನ್ನು ಓದಿದವರು ಬೆರಳೆಣಿಕೆ. ಅದರಲ್ಲೂ ಅರ್ಧ ನಾನೇ — ಕಾಗುಣಿತ ತಿದ್ದಲು ಹೋದಾಗ.

ಫೆಬ್ರವರಿ ೫

ಸೋತೆ. ಹೊಸ ಹೆಡಿಂಗ್ — ‘ಬೆಂಗಳೂರಿಗೆ ಹತ್ತಿರದ ಸೀಕ್ರೆಟ್ ಸ್ವಿಮ್ಮಿಂಗ್ ಸ್ಪಾಟ್! ಈ ವೀಕೆಂಡ್ ಮಿಸ್ ಮಾಡಬೇಡಿ’. ಸ್ವಿಮ್ಮಿಂಗ್ ಸ್ಪಾಟ್ ಅನ್ನೋ ಮಾತನ್ನು ಸಾರಿಗೆ ಒಗ್ಗರಣೆ ಹಾಕಿದ ಹಾಗೆ ಎಲ್ಲ ಕಡೆ ಹಾಕಿದೆ. ಅದು ಬೋರಣ್ಣ ಮಾವನ ಕುರಿಗಳು ಬೇಸಿಗೆಯಿಡೀ ಕುಡಿಯುವ ನೀರು, ಸೋಪು ತರಬೇಡಿ, ಕಾಲು ಇಳಿಸಬೇಡಿ ಅನ್ನುವುದನ್ನು ಕೊನೆಯ ಪ್ಯಾರಾಕ್ಕೆ ತಳ್ಳಿದೆ. ಮೊದಲಲ್ಲೇ ಬೇಡ ಅಂದರೆ ಓದುಗರು ಓಡಿಹೋಗುತ್ತಾರಂತೆ. ಗುರುವಿನ ಉಪದೇಶ.

ಪಬ್ಲಿಶ್. ಕೈ ತೊಳೆದುಕೊಂಡೆ.

ಫೆಬ್ರವರಿ ೧೯

ಗೂಗಲ್ಲಿನಲ್ಲಿ ಮೊದಲ ಸ್ಥಾನ!! ನರಸಿಂಹರಾಜು ಅಂಗಡಿಯಲ್ಲಿ ಮೈಸೂರು ಪಾಕ್ ಹಂಚಿದ, ತಾನೇ ಬರೆದವನ ಹಾಗೆ. ಸಾವಿರಗಟ್ಟಲೆ ಜನ ನೋಡಿದ್ದಾರೆ. ನಾಚಿಕೆ ಬಿಟ್ಟು ಬರೆಯುತ್ತೇನೆ — ತುಂಬಾ ಖುಷಿಯಾಯಿತು. ದಿನವಿಡೀ ಫೋನ್ ನೋಡಿದ್ದೇ ನೋಡಿದ್ದು. ಅನ್ನ ತಳ ಹಿಡಿಯಿತು.

ಮಾರ್ಚ್ ೯

ಬೋರಣ್ಣ ಮಾವನ ಫೋನ್. ಅಮ್ಮನ ತಮ್ಮ, ಗೌಡಗೆರೆ ಕಡೆ ಕುರಿ ಸಾಕಿಕೊಂಡಿರುವವನು. ದೊಣೆಯ ಸುತ್ತ ಶಾಂಪೂ ಪ್ಯಾಕೆಟ್ಟಂತೆ. ನೀರಿನ ಮೇಲೆ ನೊರೆಯಂತೆ. ಕುರಿಗಳು ಮೂಸಿ ನೋಡಿ ಹಿಂದಕ್ಕೆ ಬಂದವಂತೆ. ಇವರೆಲ್ಲ ಯಾಕೆ ಬರುತ್ತಾರೆ ಅಂತ ನನ್ನನ್ನೇ ಕೇಳಿದ.

ಕೊನೆಯ ಪ್ಯಾರಾದಲ್ಲಿ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೆನಲ್ಲ… ಯಾರೂ ಅಲ್ಲಿಯವರೆಗೆ ಬಂದೇ ಇಲ್ಲ. ಏನು ಜನ!

ಮಾರ್ಚ್ ೧೦

ಗೌಡಗೆರೆಗೆ ಹೋಗಿ ಬಂದೆ. ನಾನೇ ಬರೆದದ್ದು ಅಂತ ಹೇಳಿದೆ. ಮಾವ ಬೈಯಲಿಲ್ಲ. ಅದು ಇನ್ನೂ ಕಷ್ಟ. ಬಂದವರಿಗೆ ದೊಣೆ ಸಿಗುವುದಾದರೂ ಹೇಗೆ, ಕಾಲುದಾರಿ ಮ್ಯಾಪಿನಲ್ಲಿ ಇಲ್ಲವಲ್ಲ ಅಂತ ಕೇಳಿದರೆ — ದಾರಿ ತೋರಿಸುವವನು ಮಾವನೇ! ಬಿಸಿಲಲ್ಲಿ ಬಂದವರು ಅಂತ ಮಜ್ಜಿಗೆ ಬೇರೆ. ತಲೆ ಚಚ್ಚಿಕೊಳ್ಳುವಂತಾಯಿತು. ಗೊತ್ತಿಲ್ಲ ಅಂದುಬಿಡು ಮಾವ ಅಂದೆ.

“ನೀರಿಗೆ ದಾರಿ ಕೇಳ್ದೋರ್ಗೆ ಗೊತ್ತಿಲ್ಲ ಅನ್ನಬಾರ್ದು ಕಣಮ್ಮ. ಕುರಿ ಕಾಯೋನ ಬಾಯಲ್ಲಿ ಆ ಮಾತು ಬರಬಾರ್ದು. ಇವತ್ತು ನಾನಂದ್ರೆ ನಾಳೆ ನಂಗೂ ಅಂತಾರೆ.”



ಮಾರ್ಚ್ ೧೨

ಅಳಿಸಿಬಿಡೋಣ ಅಂದುಕೊಂಡೆ. ನೋಡಿದರೆ ಎರಡು ಸೈಟಿನವರು ಪೋಸ್ಟನ್ನು ಫೋಟೊ ಸಮೇತ ಕದ್ದಿದ್ದಾರೆ. ನನ್ನದು ಹೋದರೆ ಕಳ್ಳರದು ಮೇಲಕ್ಕೆ ಬರುತ್ತದೆ. ಮೊದಲ ಸ್ಥಾನ ಬಿಡುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗಿಲ್ಲ. ಬಿಸಿ ತುಪ್ಪ.

ಕೊನೆಗೆ ಒಂದು ದಾರಿ ಹೊಳೆಯಿತು. ಫೋಟೊ ಕೆಳಗೆ, ಮೊದಲ ಸಾಲು — ‘ದೊಣೆ ಪೂರ್ತಿ ಬತ್ತಿದೆ. ಮಳೆಗಾಲದವರೆಗೆ ನೀರಿಲ್ಲ.’ ಗೂಗಲ್ಲಿನಲ್ಲೂ ಅದೇ ಸಾಲು ಕಾಣಲಿ. ನೀರಿಲ್ಲದ ಕಡೆ ಈಜಲು ಯಾರು ಬರುತ್ತಾರೆ?

ಮಾವನಿಗೆ ಹೇಳಲಿಲ್ಲ. ಒಪ್ಪುವುದಿಲ್ಲ.

ಮಾರ್ಚ್ ೨೩

ಬರುತ್ತಾರೆ! ಇವತ್ತೂ ಕಾರು ತುಂಬಿಕೊಂಡು ಬಂದಿದ್ದರಂತೆ. ಒಬ್ಬ ನನಗೇ ಇನ್‌ಸ್ಟಾಗ್ರಾಮಿನಲ್ಲಿ ಥ್ಯಾಂಕ್ಸ್ ಬರೆದಿದ್ದಾನೆ, ಸೂಪರ್ ಸ್ಪಾಟ್ ಮೇಡಂ ಅಂತ. ಬತ್ತಿದೆ ಅಂತ ಹಾಕಿದ್ದೆನಲ್ಲ, ನೋಡಲಿಲ್ಲವೇ ಅಂದೆ. ಹೆಡಿಂಗ್, ಫೋಟೊ ನೋಡಿ ಹೊರಟೆವು, ಅಷ್ಟೆಲ್ಲ ಓದುವವರು ಯಾರು ಅಂದ.

ಅಲ್ಲ, ಓದದವರಿಗೆ ನಾನು ಬರೆಯುತ್ತಿರುವುದಾದರೂ ಏನು? ಸುಮ್ಮನೆ ಬೋರ್ಡು ಬರೆಸಬಹುದಿತ್ತು.

ಏಪ್ರಿಲ್ ೨

ಮಾವನ ಫೋನ್. ನೊರೆಯ ವಿಷಯ ಅಲ್ಲ. ಪಾವಗಡದ ಕಡೆಯಿಂದ ಓಬಳಮ್ಮನ ಮಂದೆ ಇನ್ನೂ ಬಂದಿಲ್ಲವಂತೆ. ಪ್ರತಿ ವರ್ಷ ಯುಗಾದಿ ಹೊತ್ತಿಗೆ ಇಳಿದು ಬಂದು ದೊಣೆ ಹತ್ತಿರ ತಂಗುತ್ತಾರೆ. ಎರಡು ಮನೆಗೂ ಅಪ್ಪಂದಿರ ಕಾಲದ ಬಳಕೆ. ಹಬ್ಬ ಕಳೆಯಿತು, ಸುಳಿವಿಲ್ಲ. ಓಬಳಮ್ಮನ ಫೋನ್ ಹತ್ತುತ್ತಿಲ್ಲವಂತೆ.

ನನ್ನ ‘ಬತ್ತಿದೆ’ ಸಾಲನ್ನು ಅವರೂ ನೋಡಿದರೇ? ಫೋನ್ ಇಟ್ಟು ಬ್ಲಾಗ್ ತೆರೆದೆ.

ಏಪ್ರಿಲ್ ೩

ಸಿಕ್ಕಿತು. ಬ್ಲಾಗಿನಲ್ಲಿ, ನಾನು ತೆರೆದೇ ನೋಡದ ಕಾಮೆಂಟುಗಳ ನಡುವೆ. ಅಂಜಿನಮೂರ್ತಿ, ಓಬಳಮ್ಮನ ಮಗ. ಹತ್ತು ದಿನ ಹಿಂದಿನದು.

‘ಅಕ್ಕಾ, ನೀಳ್ಳು ನಿಜಂಗಾ ಲೇವಾ? ನಿಜವಾಗ್ಲೂ ನೀರಿಲ್ವಾ? ಸೋಪು ಹಾಕಬೇಡಿ ಅಂತ ಕೊನೇಲಿ ಬರೆದಿದ್ದೀರ, ಸಂತೋಷ. ನಮ್ ಮಂದೆ ಹೊರಟೈತೆ. ನೀರಿಲ್ಲ ಅಂದ್ರೆ ಸುತ್ತು ದಾರಿ ಹಿಡೀಬೇಕು. ಬೇಗ ಹೇಳಿ.’ ಕೆಳಗೆ ಅವನ ನಂಬರ್.

ಸಾವಿರಾರು ಜನರಲ್ಲಿ ಪೂರ್ತಿ ಓದಿದವನು ಇವನೊಬ್ಬ. ನಂಬಿದವನೂ ಇವನೊಬ್ಬ.

ಫೋನ್ ಮಾಡಿದೆ. ಸುತ್ತು ದಾರಿಯಲ್ಲೇ ಇದ್ದಾರೆ. ಅಲ್ಲಿ ಎಲ್ಲೂ ನೀರಿಲ್ಲ. ಮರಿಗಳು ಬಿದ್ದುಹೋದವು ಅಂದ. ಎಷ್ಟು ಅಂತ ಕೇಳುವ ಧೈರ್ಯ ಬರಲಿಲ್ಲ. ನೀರಿದೆ, ತಿರುಗಿ ಬನ್ನಿ ಅಂದೆ. ಅವ್ವನನ್ನು ಕೇಳಬೇಕು ಅಂದ.

ಆ ಸಾಲು ಕಿತ್ತು ಹಾಕಿದೆ. ಗೂಗಲ್ಲಿನಲ್ಲಿ ಈಗಲೂ ‘ಪೂರ್ತಿ ಬತ್ತಿದೆ’ ಅಂತಲೇ ಇದೆ. ಬದಲಾಗಲು ಕೆಲವು ದಿನ ಬೇಕು, ತಾಳ್ಮೆ ಇರಲಿ ಅಂತಾನೆ ನರಸಿಂಹರಾಜು. ಕುರಿಗೆ ಹೇಳು ಹೋಗಿ, ತಾಳ್ಮೆ ಇರಲಿ ಅಂತ.

ಏಪ್ರಿಲ್ ೪, ಗೌಡಗೆರೆ

ಮೊದಲ ಬಸ್ಸಿಗೆ ಬಂದೆ. ಎಲ್ಲ ಹೇಳಿದೆ. ಮಾವ ಕುರಿ ರೊಪ್ಪದ ಬಾಗಿಲಲ್ಲಿ ಕೂತಿದ್ದ, ಎದ್ದು ನಿಂತ.

“ತುಂಬಿರೋ ನೀರ್ನ ಬತ್ತೈತೆ ಅಂದ್ಬುಟ್ಯಾ?”

ಅಷ್ಟೇ. ಮುಖ ತಿರುಗಿಸಿದ. ಅತ್ತೆ ಕೊಟ್ಟ ಕಾಫಿ ಮುಟ್ಟಲಿಲ್ಲ. ನಾನೂ.

ಆಮೇಲೆ ನನ್ನ ಫೋನ್ ಬಡಿಯಿತು. ಅಂಜಿನಮೂರ್ತಿಯ ನಂಬರ್, ಮಾತಾಡಿದ್ದು ಓಬಳಮ್ಮ. ನೀರಿದೆಯಮ್ಮ, ದಯವಿಟ್ಟು ಬನ್ನಿ ಅಂದೆ. ಆಕೆ ಜೋರು ಮಾಡಲಿಲ್ಲ.

“ನಿನ್ ಮಾತು ಒಂದ್ಸಲ ನಂಬಿದ್ವಿ ಕಣಮ್ಮ. ಬೋರಣ್ಣನ ಬಾಯಲ್ಲಿ ಹೇಳ್ಸು.”

ಫೋನ್ ಹಿಡಿದು ಮಾವನ ಮುಂದೆ ನಿಂತೆ. ಸ್ಪೀಕರ್ ಹಾಕಿದೆ. ನನ್ನ ಕಡೆ ನೋಡದೆ ತೆಗೆದುಕೊಂಡ. ಹೇಳಲಿ, ಎಲ್ಲ ಹೇಳಿಬಿಡಲಿ, ನಮ್ಮ ಹುಡುಗಿ ಸುಳ್ಳು ಬರೆದಳು ಅನ್ನಲಿ ಅಂದುಕೊಂಡೆ.

ದೊಣೆಯ ಕಡೆ ಒಮ್ಮೆ ನೋಡಿದ. ಆಮೇಲೆ —

“ನೀರೈತೆ ಬಾರಕ್ಕ. ಹುಡ್ಗಿ ಬರ್ದಾಗ ನಿಜವಾಗ್ಲೂ ಬತ್ತಿತ್ತು. ಮೊನ್ನೆ ಒಂದು ಮಳೆ ಹುಯ್ತು, ತುಂಬ್ಕೊಂಡೈತೆ.”

ಮಳೆ ಎಲ್ಲಿ ಬಂತು? ಮಾವ ಸುಳ್ಳು ಹೇಳಿದ. ನೀರಿನ ವಿಷಯದಲ್ಲಿ. ನನಗಾಗಿ. ಫೋನ್ ವಾಪಸ್ ಕೊಟ್ಟು, ತಂಬಿಗೆ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿದು, ಕುರಿ ಬಿಡಲು ರೊಪ್ಪದೊಳಗೆ ಹೋದ.